ಎರಡನೇ ಲ್ಯಾಪ್‌ಟಾಪ್

ಶಿಗ್ಗಾವಿಯ ಅಂಗಡಿಯೊಂದರಲ್ಲಿ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಚೆಸ್ ಆಟವನ್ನು ಲೆಕ್ಕಹಾಕುತ್ತಿದ್ದವು. ಯಾವ ಪ್ರೊಸೆಸರ್ ಚುರುಕು ಎಂದು ನೋಡಲು, ಮಗಳು ಶೀಲಾ ಹೋದ ತಿಂಗಳು ಡ್ರಾ ಮಾಡಿಕೊಂಡಿದ್ದ ಆಟವನ್ನೇ ಶಂಭುಲಿಂಗ ಎರಡರಲ್ಲೂ ಹಾಕಿಸಿದ್ದರು. ಆ ಡ್ರಾದಿಂದ ರಾಜ್ಯ ತಂಡದಲ್ಲಿ ಅವಳ ಜಾಗ ತಪ್ಪಿತ್ತು. ಎದುರಾಳಿ ಡ್ರಾ ಕೇಳಿದರೆ ಒಪ್ಪಿಕೋ ಎಂದು ಹೇಳಿ ಕಳಿಸಿದವರು ಅವರೇ.

ಡ್ರಾಗೆ ಒಪ್ಪಿದ ಹಂತದಲ್ಲಿ ಆಟ ಸಮವೆಂದು ಮೊದಲನೆಯದು ತೋರಿಸಿತು. “ನೋಡು, ನಾ ಹೇಳಿದ್ದ ಖರೆ ಐತಿ,” ಎಂದರು ಶಂಭುಲಿಂಗ, ಪಕ್ಕದಲ್ಲಿದ್ದ ಶೀಲಾಳಿಗೆ.

ಅಷ್ಟರಲ್ಲಿ ಹೊಸ ಪ್ರೊಸೆಸರ್‌ನ ಎರಡನೆಯದು, ಕುದುರೆಯನ್ನು ಬಿಟ್ಟುಕೊಟ್ಟರೆ ಬಿಳಿಗೆ ಗೆಲುವು ಎಂದಿತು. ಬಿಳಿ ಶೀಲಾಳದು. ಆ ನಡೆ ಅವತ್ತು ಅವಳಿಗೂ ಹೊಳೆದಿತ್ತು.

ಶಂಭುಲಿಂಗ ಅಂಗಡಿಯವನತ್ತ ತಿರುಗಿ, “ನಮಗ ಮೊದಲನೇದ ಸಾಕ್ರಿ,” ಎಂದರು.

“ಬ್ಯಾಡಪ್ಪ, ಎರಡನೇದು ತಗೊಳ್ಳೂಣು,” ಎಂದಳು ಶೀಲಾ. “ಇನ್ನ ಮ್ಯಾಲೆ ನಿನ್ನ ಕೇಳಂಗಿಲ್ಲ ನಾ.”