ಬಸಲಿಂಗಪ್ಪ ಮಾಸ್ತರರ ಪಾಠದ ಮರ

ದುಡ್ಡು ಕೊಟ್ಟು ಪಠ್ಯಪುಸ್ತಕ ಕೊಳ್ಳುವ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು. ಧಾರವಾಡದ ಆ ಕಾಲೇಜಿನ ಅಂಗಳದಲ್ಲಿ ಒಬ್ಬೊಬ್ಬ ಮಾಸ್ತರರಿಗೂ ಒಂದೊಂದು ಮರ, ಎಲೆಯೆಲೆಯ ಮೇಲೂ ಅವರ ಪಾಠ. ಬೇಕಾದವರು ಪುಕ್ಕಟೆ ಕಿತ್ತು ಓದಿಕೊಳ್ಳಬಹುದು. ಕಿತ್ತರೆ ಹೊಸದು ಚಿಗುರುವುದು ಮುಂದಿನ ವರ್ಷವೇ.

ಭೌತಶಾಸ್ತ್ರದ ಬಸಲಿಂಗಪ್ಪ ಮಾಸ್ತರರ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ. ಅದೇ ವಿಷಯ ಕಲಿಸಲು ನಿನ್ನೆ ಮೊನ್ನೆ ಬಂದ ಇಂದುಮತಿ ಮೇಡಂ ಅವರ ಮರ ದಸರೆಗೆ ಮುಂಚೆಯೇ ಬೋಳಾಗಿತ್ತು. ಇವರದು ಮಾತ್ರ ಯಾರೂ ಕೀಳದೆ ಹಸಿರು ತುಂಬಿಕೊಂಡು ಎಲ್ಲರೆದುರು ಮಾನ ಕಳೆಯುತ್ತಿತ್ತು. "ನಿಮ್ಮ ಗಿಡದ ನೆರಳು ಭಾಳ ತಂಪು ನೋಡ್ರಿ ಸರ," ಎಂದು ಜವಾನ ಬೇರೆ ಚುಚ್ಚಿದ್ದ.

ಭಾನುವಾರ ಮಧ್ಯಾಹ್ನ ಅವರೇ ಏಣಿ ಹಾಕಿ, ತಮ್ಮ ಎಲೆಗಳನ್ನೆಲ್ಲ ತರಿದು ಗೋಣಿಚೀಲಕ್ಕೆ ತುಂಬಿದರು. ಇಳಿದು ಬೆವರು ಒರೆಸಿಕೊಳ್ಳುವಾಗ ವಿದ್ಯಾರ್ಥಿನಿ ಮುಮ್ತಾಜ ಬಂದಳು.

"ಸರ, ಮೇಡಮ್ಮಾರ ಎಲಿ ಓದಿದ್ರೂ ಬೆಳಕಿನ ಪಾಠ ತಿಳೀಲಿಲ್ಲರಿ. ನಿಮ್ಮದು ನಿಧಾನ ಬಿಡಿಸಿ ಹೇಳತೈತಿ ಅಂತ ನಮ್ಮಕ್ಕ ಅಂದ್ಲು. ನಾಳೆ ಪರೀಕ್ಷಾ ಐತ್ರಿ." ಬೋಳು ಮರ ನೋಡಿ ಅವಳ ಮುಖ ಸಣ್ಣದಾಯಿತು. "ಎಲ್ಲಾ ಖಾಲಿ ಆಗ್ಯಾವಲ್ರಿ. ಚೀಲದಾಗ ಏನೈತ್ರಿ?"

ಮಾಸ್ತರರು ಚೀಲದ ಬಾಯಿ ಬಿಗಿಹಿಡಿದರು.

"ಮನಿ ಆಡಿಗೆ ಮೇಯಾಕ ಸೊಪ್ಪು ಐತವಾ," ಎಂದರು.