ಶಿಖರದ ಕೆಳಗಿನ ಬಂಡೆ

೧೯೮೮ರ ಜನವರಿ ೧೭, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಡಿಕಲ್ಲು ಬೆಟ್ಟದ ತುದಿ ಕಣ್ಣೆದುರೇ ಇತ್ತು. ಆದರೆ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಪ್ರಫುಲ್ಲಾ ಬಂಡೆಯ ಮೇಲೆ ಕುಳಿತುಬಿಟ್ಟಿದ್ದಳು. ಕಾರ್ಕಳಕ್ಕೆ ಹೋಗುವ ಕೊನೆಯ ಬಸ್ಸು ಕೆಳಗಿನ ರಸ್ತೆಗೆ ಐದಕ್ಕೆ ಬರುತ್ತಿತ್ತು.

“ನೀವು ಹತ್ತಿ ಬನ್ನಿ ಮಾರಾಯ್ರೆ. ನಾನು ಮೆಲ್ಲ ಇಳಿದು, ನೀವು ಬರುವವರೆಗೆ ಬಸ್ಸು ನಿಲ್ಲಿಸಿಡ್ತೇನೆ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ನೆಲದಲ್ಲಿ. ಕಂಡಕ್ಟರ್ ಎಂತ ಮಾಡ್ತಾನೆ?”

“ನಿನ್ನ ಬಾಯಿಗೆ ಹೆದರಿ ಬಸ್ಸೇ ಬಿಟ್ಟು ಓಡ್ತಾನೆ,” ಎಂದು ಗಂಡ ತಾರಾನಾಥ ನಕ್ಕ. ಅವನ ಕೈಯಲ್ಲಿ ಎತ್ತರ ಅಳೆಯುವ ಯಂತ್ರವಿತ್ತು. ಶಿಖರದ ಎತ್ತರವನ್ನು ತಾನೇ ಅಳೆಯಬೇಕೆಂದು, ಬೆಳಗ್ಗೆ ಮೊದಲ ಬಸ್ಸಿಗೆ ಮುಂಚೆ ಕಾಪುವಿನ ಕಡಲಂಚಿನಲ್ಲಿ ನಿಂತು ಅದರ ಮುಳ್ಳನ್ನು ಸೊನ್ನೆಗೆ ತಂದಿದ್ದ. ಅದನ್ನು ಮುಟ್ಟಲು ಹೆಂಡತಿಯನ್ನೂ ಬಿಟ್ಟವನಲ್ಲ.

ಅವನು ತುದಿಯನ್ನೊಮ್ಮೆ ನೋಡಿದ. ಆಮೇಲೆ ಅವಳ ಪಕ್ಕ ಕುಳಿತು ಯಂತ್ರವನ್ನು ಅವಳ ಅಂಗೈಯಲ್ಲಿಟ್ಟ. “ಗಾಜಿಗೆ ಮೆಲ್ಲ ತಟ್ಟು. ಮುಳ್ಳು ನಿಂತ ಮೇಲೆ ಓದು.”

“ಶಿಖರ ಅಲ್ಲಿ ಉಂಟಲ್ಲ?”

“ನಾವಿಬ್ಬರು ಇರುವುದು ಇಲ್ಲಿ, ಅಲ್ವಾ?”

ಪ್ರಫುಲ್ಲಾ ಉಗುರಿನಿಂದ ಎರಡು ಸಲ ತಟ್ಟಿದಳು. ಮುಳ್ಳು ನಡುಗಿ ನಿಂತಿತು: ೧೩೪೦ ಮೀಟರ್.