ಆರನೆಯ ಸಾಲು

ಅಮ್ಮ ಸುಳ್ಳು ಹೇಳುತ್ತಿದ್ದಾಳೆ. ಹದಿನೈದರ ಹುಡುಗಿಗೆ ಅದು ಖಾತ್ರಿಯಾಗಿತ್ತು. ಆದ್ದರಿಂದಲೇ ಅಮ್ಮನ ಹೊಲಿಗೆ ಅಂಗಡಿಯ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಹಾಕುತ್ತಿದ್ದಳು.

“ಅಳತೆ ಚೀಟಿ ಕಲಸಬೇಡ್ವೇ! ಒಬ್ಬರ ತೋಳು ಇನ್ನೊಬ್ಬರಿಗೆ ಹೋಗುತ್ತೆ.”

“ಅಣ್ಣನ ಪದ್ಯ ಎಲ್ಲಮ್ಮಾ? ಆರನೇ ಸಾಲು?”

“ಎಷ್ಟು ಸಲ ಹೇಳ್ಲೇ, ಐದೇ ಸಾಲು ಅದು.” ಅಮ್ಮ ಮಿಷನ್ ತುಳಿಯತೊಡಗಿದಳು.

ಅಣ್ಣ ಹೋಗಿ ಇಪ್ಪತ್ತು ದಿನ. ಅವನು ಕೆಲಸ ಮಾಡುತ್ತಿದ್ದ ಮುದ್ರಣಾಲಯದವರು ಸಂಜೆ ಅವನ ನೆನಪಿಗಾಗಿ ಸೇರುವವರಿದ್ದರು. ಅವನೇ ಕಟ್ಟಿದ ಪದ್ಯವನ್ನು ತಂಗಿ ಹಾಡಬೇಕು. ಅದನ್ನು ಯಾವಾಗ ಕಲಿತಳೋ ಅವಳಿಗೇ ನೆನಪಿಲ್ಲ. ಐದು ಸಾಲು ಮಾತ್ರ ನಾಲಿಗೆಯ ಮೇಲಿದ್ದವು.

ಅವಳು ಹಾಡಿದ್ದನ್ನು ಸಂಗೀತದ ಮೇಷ್ಟ್ರು ಬೆರಳೆಣಿಸುತ್ತ ಕೇಳಿ ಹೇಳಿದ್ದರು. “ಷಟ್ಪದಿ ಕಣಮ್ಮ ಇದು. ಎರಡು ಗಿಡ್ಡ ಸಾಲು, ಒಂದು ಉದ್ದ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಐದಕ್ಕೆ ನಿಲ್ಲಿಸಿದರೆ ಮೆಟ್ಟಿಲಿಲ್ಲದ ಕಡೆ ಕಾಲಿಟ್ಟ ಹಾಗೆ.” ಅವಳು ಹಾಡಿದ್ದರಲ್ಲಿ ಕೊನೆಯ ಎರಡು ಸಾಲುಗಳನ್ನು ಅವರೇ ಗುನುಗಿದರು:

ಗಾಲಿ ನಿಂತಿದೆ ಬೀದಿ ಮುಗಿದಿದೆ
ನೂಲು ಸುತ್ತಿದೆ ಸೂಜಿ ದಣಿದಿದೆ

“ಸೂಜಿ, ನೂಲು! ಆರನೇ ಸಾಲಲ್ಲಿ ಯಾವುದೋ ಹೊಲಿಗೆ ಹುಡುಗಿಯ ಹೆಸರಿರುತ್ತೆ, ನೋಡ್ತಿರು.”

ಅಮ್ಮನ ಅಂಗಡಿಯಲ್ಲಿ ಕಾಜ ಹಾಕುವ ಹುಡುಗಿಯೊಬ್ಬಳಿದ್ದಳು. ಕೇಳಿದ್ದಕ್ಕೆ, “ಅಯ್ಯೋ, ಕತ್ತರಿ ಕೇಳೋಕ್ ಬಿಟ್ರೆ ನಿಮ್ಮಣ್ಣ ನನ್ನ ಮಾತಾಡಿಸಿದ್ದೇ ಇಲ್ಲ” ಎಂದು ಮುಖ ತಿರುಗಿಸಿದಳು. ಅನುಮಾನ ಇನ್ನಷ್ಟು ಬಲಿಯಿತು. ಅಮ್ಮನಿಗೆ ಎಲ್ಲ ಗೊತ್ತು. ಮರ್ಯಾದೆಗೆ ಅಂಜಿ ಮುಚ್ಚಿಟ್ಟಿದ್ದಾಳೆ.

ಅವಳಿಗೆ ಬೇಕಾದದ್ದು ಯಾರ ಹೆಸರೂ ಅಲ್ಲ. ಆಸ್ಪತ್ರೆಯಲ್ಲಿ, ಆ ಕೊನೆಯ ಮಧ್ಯಾಹ್ನ, ಅಣ್ಣ ಕೇಳಿದ್ದ: “ಗುಂಡೀ, ಆ ಪದ್ಯ ಹೇಳೇ.” ಐದು ಸಾಲು ಹಾಡಿದಳು. ಆರನೆಯದು ಬರಲಿಲ್ಲ. ಹೊರಗೋಡಿ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಬಸ್ಸಿನಲ್ಲಿದ್ದಳು. “ಅಷ್ಟೇ ಕಣೇ ಅದು. ಇಡು, ಬಂದೆ” ಎಂದಳು. ಹುಡುಗಿ ಮರಳುವಷ್ಟರಲ್ಲಿ ನರ್ಸ್ ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದಳು.

ಈ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಕೊನೆಯ ಡ್ರಾಯರೂ ಬರಿದಾಗಿತ್ತು. ನೆಲದ ಮೇಲೆ ಕುಸಿದು ಕೂತಳು.

“ಅಣ್ಣ ಕೇಳಿದ್ದು ಅದೊಂದೇ ಅಮ್ಮ. ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಪೂರ್ತಿ ಹೇಳೋಕಾಗ್ಲಿಲ್ಲ. ಕಾಯ್ತಾ ಕಾಯ್ತಾನೇ ಹೋಗಿಬಿಟ್ಟ.”

ಮಿಷನ್ ನಿಂತಿತು. ಅಮ್ಮ ಬಂದು ಮಗಳ ಪಕ್ಕ ಕೂತಳು.

“ಅವನೇ ಕೇಳಿದ್ನಾ ಆ ಪದ್ಯನ?”

“ಹೂಂ.”

“ಮುಚ್ಚಿಡೋಕೆ ಏನಿದೆ ಮಗಳೇ? ನಿನಗಾಗ ನಾಲ್ಕು ವರ್ಷ. ನಾನು ಕೆಲಸ ಬಿಟ್ಟು ಏಳೋ ಹಾಗಿರಲಿಲ್ಲ. ಅವನೇ ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು ಹಾಡ್ತಿದ್ದ.” ಅಮ್ಮ ಮಗಳ ತಲೆ ಸವರಿದಳು.

“ಐದನೇ ಸಾಲಿಗೆಲ್ಲ ನೀನು ನಿದ್ದೆ ಹೋಗಿಬಿಡ್ತಿದ್ದೆ ಕಣೇ. ಆರನೇದು ಅವನಿಗೆ ಯಾವತ್ತೂ ಬೇಕಾಗಲೇ ಇಲ್ಲ.”